ಖಾಲಿ ಪುಸ್ತಕ ತರುವುದು ಹೇಗೆ?

ನನಗೆ ಹೊಸ ಯೋಚನೆಗಳ ಚಪಲ ಜಾಸ್ತಿ. ಕೆಲವರಿಗೆ ಸೀರೆ ಅಂಗಡಿ ಕಂಡರೆ ಕಾಲು ನಿಲ್ಲುವುದಿಲ್ಲವಲ್ಲ, ಹಾಗೆ ಯಾರಾದರೂ ‘ಹೊಸದಾಗಿ ಏನಾದರೂ ಮಾಡಿ’ ಎಂದರೆ ಸಾಕು, ನನ್ನ ತಲೆ ಓಡಲು ಶುರು. ಈ ಚಪಲಕ್ಕೆ ಬಲಿಯಾದದ್ದು ಮೊದಲು ನನ್ನ ಅಡುಗೆಮನೆ, ಆಮೇಲೆ ನನ್ನ ಗಂಡ, ಈಗ ಕುಂದಾಪುರ ಕಡೆಯ ನಾವುಂದದ ಹತ್ತಿರದ ನಮ್ಮೂರಿನ ಗ್ರಂಥಾಲಯ. ಅಲ್ಲಿ ನಾನು ಮೇಲ್ವಿಚಾರಕಿ. ಹೆಸರು ದೊಡ್ಡದು. ಕಸ ಗುಡಿಸುವುದು, ಪುಸ್ತಕ ಜೋಡಿಸುವುದು, ಪತ್ರಿಕೆಯ ಪದಬಂಧವನ್ನು ಯಾರೋ ನನಗಿಂತ ಮೊದಲೇ ತುಂಬಿಸಿಬಿಟ್ಟರೆ ಅವರ ಮೇಲೆ ಸಿಡುಕುವುದು, ಎಲ್ಲ ನನ್ನದೇ ಕೆಲಸ. ಊರವರು ನನ್ನನ್ನು ‘ಲೈಬ್ರರಿ ಟೀಚರ್’ ಎನ್ನುತ್ತಾರೆ. ನಾನು ಯಾರಿಗೂ ಏನನ್ನೂ ಕಲಿಸಿದವಳಲ್ಲ, ಆದರೆ ಆ ಹೆಸರು ಕಿವಿಗೆ ಹಿತವಾಗಿರುವುದರಿಂದ ತಿದ್ದಲು ಹೋಗಿಲ್ಲ.

ಕಳೆದ ಬೇಸಿಗೆಯಲ್ಲಿ ಪಂಚಾಯ್ತಿ ಅಧ್ಯಕ್ಷರು ಬಾಗಿಲಲ್ಲಿ ನಿಂತು ನನ್ನ ಕೋಣೆಯನ್ನು ಮೂಲೆಯಿಂದ ಮೂಲೆಗೆ ಅಳೆಯುವವರಂತೆ ನೋಡಿದರು. “ಹ್ವಾಯ್ ಟೀಚರೇ, ಫ್ಯಾನಿನ ಗಾಳಿಗೆ ಬಪ್ಪೋರ್ನ್ ಬಿಟ್ರೆ ಯಾರ್ ಬತ್ರ್ ನಿಮ್ಮಲ್ಲಿಗೆ?” ಎಂದು ಕೇಳಿದರು. ಪಂಚಾಯ್ತಿಯ ಸಾಮಾನು ಇಡಲು ಅವರಿಗೆ ಜಾಗ ಸಾಲುತ್ತಿರಲಿಲ್ಲ. ಮಳೆಗಾಲದಲ್ಲಿ ಮೇಲಧಿಕಾರಿಗಳು ಗ್ರಂಥಾಲಯ ನೋಡಲು ಬರುವವರಿದ್ದರು. ಅಷ್ಟರೊಳಗೆ ಓದುಗರು ಕಾಣದಿದ್ದರೆ ಕೋಣೆ ಉಗ್ರಾಣವಾಗುತ್ತದೆ, ನಾನೂ ನನ್ನ ಕಪಾಟುಗಳೂ ಸಭಾಭವನದ ಮೆಟ್ಟಿಲ ಕೆಳಗೆ ಹೋಗಬೇಕು ಎಂದು ಹೇಳಿಯೇ ಹೋದರು. ಮೆಟ್ಟಿಲ ಕೆಳಗೆ ಕುಳಿತು ಪುಸ್ತಕ ಕೊಡುವ ನನ್ನ ಚಿತ್ರ ಕಣ್ಣಿಗೆ ಕಟ್ಟಿ ಆವತ್ತು ಊಟ ಸೇರಲಿಲ್ಲ. ಸುಳ್ಳು ಹೇಳಬಾರದು, ಸೇರಿತು, ಆದರೆ ರುಚಿಸಲಿಲ್ಲ.

ಅದೇ ಹೊತ್ತಿಗೆ ಕುಂದಾಪುರದಲ್ಲಿ ನಮಗೊಂದು ತರಬೇತಿ. ಬಂದಿದ್ದ ತರಬೇತುದಾರರು ಚುರುಕು ಮನುಷ್ಯ. ಎಲ್ಲೆಲ್ಲೋ ದೂರದ ದೇಶಗಳಲ್ಲಿ ಗ್ರಂಥಾಲಯದವರು ಪುಸ್ತಕ ಮಾತ್ರವಲ್ಲ, ಗೋಡೆ ಕೊರೆಯುವ ಯಂತ್ರ, ಕೊಡೆ, ಕೇಕಿನ ಅಚ್ಚು ಕೂಡ ಎರವಲು ಕೊಡುತ್ತಾರಂತೆ. “ಜನರಿಗೆ ಬೇಕಾದ್ದನ್ನು ಕೊಡಿ, ಅವರಾಗಿಯೇ ಬರುತ್ತಾರೆ” ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ಧ್ಯಾನ. ನಮ್ಮೂರಿನವರಿಗೆ ಏನು ಬೇಕು? ಕೇಕಿನ ಅಚ್ಚಂತೂ ಅಲ್ಲ. ಬಸ್ಸು ಹೆಮ್ಮಾಡಿ ದಾಟುವಾಗ ಉತ್ತರ ಹೊಳೆಯಿತು: ಶ್ಯಾವಿಗೆ ಒತ್ತುವ ಮಣೆ! ನಮ್ಮ ಕಡೆ ನೆಂಟರು ಬಂದರೆ ಬಿಸಿ ಶ್ಯಾವಿಗೆ, ಕಾಯಿಹಾಲು ಆಗಲೇಬೇಕು. ಆದರೆ ಒಂದಾಳು ಹೊರುವಷ್ಟು ಭಾರದ ಆ ಮರದ ಮಣೆ ಇರುವುದು ಊರಿಗೆ ನಾಲ್ಕೈದು ಮನೆಯಲ್ಲಿ. ಉಳಿದವರು ಕೇಳಲು ಸಂಕೋಚಪಟ್ಟುಕೊಂಡು ಅಂಗಡಿಯ ಒಣಶ್ಯಾವಿಗೆ ನೆನೆಸುತ್ತಾರೆ.

ಅಟ್ಟದ ಮೇಲಿದ್ದ ನಮ್ಮ ಮಣೆಯನ್ನು ಕೇಳಿದಾಗ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಪುಸ್ತಕದ್ ಕಪಾಟಂಗೆ ಶ್ಯಾವಿಗಿ ಮಣೆಯಾ? ನಿನ್ನ್ ತಲಿ ಸಮ ಇತ್ತಾ ಹೆಣೆ?” ಎಂದರು. ಎಂದವರೇ ಅದನ್ನು ತೊಳೆದು, ಎಣ್ಣೆ ಒರೆಸಿ, ಸಂಜೆಯೊಳಗೆ ಕೊಟ್ಟರು. ಅತ್ತೆಯ ಬೈಗುಳ ಯಾವಾಗಲೂ ಒಪ್ಪಿಗೆಯ ಮೊದಲ ಕಂತು. ಮಣೆಯ ಜೊತೆಗೆ ಒಂದು ಏಣಿ, ಮಾವಿನಕಾಯಿ ಕೊಯ್ಯುವ ಉದ್ದದ ಕೊಕ್ಕೆ, ಮದುವೆಮನೆಗೆ ಆಗುವಂಥ ದೊಡ್ಡ ಇಡ್ಲಿ ಪಾತ್ರೆ ಸೇರಿದವು. ನಾನೇನು ಕಡಿಮೆಯವಳೇ? ಒಂದು ನಿಯಮವನ್ನೂ ಸೇರಿಸಿದೆ: ಮಣೆ ಬೇಕೆಂದರೆ ಒಂದು ಪುಸ್ತಕವನ್ನೂ ಒಯ್ಯಲೇಬೇಕು. ಏಣಿಗೂ ಅದೇ ಕಟ್ಟಳೆ.

ಮಣೆಯನ್ನು ಮೊದಲು ಒಯ್ದವರು ಮೀನು ಮಾರುವ ಗಿರಿಜಕ್ಕ. ಮಗಳ ಮನೆಯವರು ಮುಂಬೈಯಿಂದ ಬಂದಿದ್ದರು. ತಲೆಯ ಮೇಲೆ ಮಣೆ, ಕೈಯಲ್ಲಿ ಒಂದು ದಪ್ಪ ಕಾದಂಬರಿ. ಮಣೆ ಮರುದಿನವೇ ಬಂತು. ಅದರ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಶ್ಯಾವಿಗೆ, ಕಾಯಿಹಾಲು! ನಾನು ಹಿಂದೆಮುಂದೆ ನೋಡದೆ ಅಲ್ಲೇ ಕುಳಿತು ತಿಂದೆ. ಏಣಿ ಮಾವಿನಕಾಯಿಯೊಂದಿಗೆ ಬಂತು, ಇಡ್ಲಿ ಪಾತ್ರೆ ಮುಳ್ಳುಸೌತೆಯೊಂದಿಗೆ. ಆಮೇಲೆ ಬರೀ ಪುಸ್ತಕ ಒಯ್ದವರೂ ಶುರುಮಾಡಿದರು. ಕಥಾಸಂಕಲನದ ಜೊತೆ ಬಸಳೆಯ ಕಟ್ಟು, ಪ್ರವಾಸ ಕಥನದ ಜೊತೆ ಬಂಗುಡೆ ಮೀನು. ಸರ್ಕಾರಿ ಗ್ರಂಥಾಲಯದಲ್ಲಿ ಬಸಳೆ ತೆಗೆದುಕೊಂಡರೆ ಲಂಚವಾಗುತ್ತದೆಯೇ ಎಂದು ಒಮ್ಮೆ ಅನುಮಾನ ಬಂತು. ಸಾರು ಚೆನ್ನಾಗಿದ್ದುದರಿಂದ ಅನುಮಾನವನ್ನು ಮುಂದೂಡಿದೆ. ಕಪಾಟುಗಳು ಖಾಲಿಯಾಗುತ್ತ ಬಂದವು. ಇಷ್ಟು ವರ್ಷ ಧೂಳು ತಿಂದ ಪುಸ್ತಕಗಳೆಲ್ಲ ಊರಿಡೀ ತಿರುಗುತ್ತಿವೆ ಎಂದು ನನಗೆ ಹಿಡಿಸಲಾರದಷ್ಟು ಸಂತೋಷ.

ಮಳೆ ಹಿಡಿಯಿತು. ಪುಸ್ತಕ ಬರುವುದು ನಿಂತಿತು. ಮೊದಲು ಮಳೆಗೆ ಹೆದರಿದ್ದಾರೆ ಎಂದುಕೊಂಡೆ. ಬಿಸಿಲು ಬಿದ್ದ ದಿನವೂ ಯಾರೂ ಬರಲಿಲ್ಲ. ರಸ್ತೆಯಲ್ಲಿ ನನ್ನನ್ನು ಕಂಡ ಹೆಂಗಸರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ಸರಸರ ನಡೆದುಬಿಡುತ್ತಿದ್ದರು. ಇದೆಂಥ ಬಹಿಷ್ಕಾರ? ನಾನು ಯಾರಿಗೆ ಏನು ಅಂದೆ? ಅಧ್ಯಕ್ಷರು ಮತ್ತೆ ಬಂದು ಬೋಳು ಕಪಾಟುಗಳನ್ನು ಕಂಡು, “ಪುಸ್ತಕವೂ ಇಲ್ದಿರೆ ಕೋಣೆ ಎಂತಕ್ಕೆ ಟೀಚರೇ?” ಎಂದರು. ಅಧಿಕಾರಿಗಳು ಬರುವುದು ಮುಂದಿನ ವಾರವಂತೆ.

ಆವತ್ತೇ ಗಿರಿಜಕ್ಕನ ಮನೆಗೆ ಹೋದೆ. ಅವರು ಹಿತ್ತಲಿಗೆ ಜಾರಲು ನೋಡಿದರು, ನಾನು ಬಿಡಲಿಲ್ಲ. ಕಾದಂಬರಿ ಫ್ರಿಜ್ಜಿನ ಮೇಲೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದೇವರ ಪಟದಷ್ಟು ಜೋಪಾನವಾಗಿ ಕೂತಿತ್ತು.

“ಓದಿ ಯಾವತ್ತೋ ಆಯ್ತ್ ಟೀಚರೇ,” ಎಂದರು ಗಿರಿಜಕ್ಕ ನೆಲ ನೋಡುತ್ತ. “ಖಾಲಿ ಪುಸ್ತಕ ಹ್ಯಾಂಗ್ ತಂದ್ ಕೊಡುದ್ ಮರ್ರೆ? ಬೋಟ್ ನಿಂತಿತ್, ಮೀನ್ ಇಲ್ಲೆ. ಒಣಮೀನ್ ಕಟ್ಟಿ ತರುವ ಅಂದ್ರೆ ಪುಸ್ತಕಕ್ಕೆ ವಾಸ್ನೆ ಹಿಡಿತ್ತ್.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಕ್ಕದ ಮನೆಯಿಂದ ತಂದ ಪಾತ್ರೆಯನ್ನು ನಮ್ಮಲ್ಲಿ ಯಾರೂ ಖಾಲಿ ಮರಳಿಸುವುದಿಲ್ಲ, ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಾದರೂ ಹಾಕುತ್ತಾರೆ. ಮಣೆ ಬಂದ ಕಪಾಟಿನಿಂದಲೇ ಪುಸ್ತಕವೂ ಬಂದದ್ದರಿಂದ ಊರವರು ಎರಡಕ್ಕೂ ಒಂದೇ ಮರ್ಯಾದೆ ಕೊಟ್ಟಿದ್ದರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ, ಹಿತ್ತಲ ತರಕಾರಿ ಕೊಳೆತಿದೆ, ಹಾಗಾಗಿ ಪುಸ್ತಕಗಳು ಮನೆಮನೆಯಲ್ಲಿ ಸೆರೆ!

“ಅದ್ ಸರ್ಕಾರದ್ ಪುಸ್ತಕ ಗಿರಿಜಕ್ಕ, ಎಂತದೂ ಬ್ಯಾಡ. ಹಾಂಗೇ ತಂದ್ಕೊಡಿ,” ಎಂದೆ. ಅವರ ಮುಖ ಕೆಂಪಾಯಿತು. “ಹಾಂಗೇ ತಂದ್ ಕೊಡುಕೆ ನಾವೆಂತ ಗತಿಗೆಟ್ಟೋರಾ?” ಎಂದರು. ಉಳಿದ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಉತ್ತರ.

ಸೋತು ಮನೆಗೆ ಬಂದು ಅತ್ತೆಯ ಮುಂದೆ ಗೋಳಾಡಿದೆ. ಅವರು ಬೆಳ್ಳುಳ್ಳಿ ಸುಲಿಯುತ್ತಲೇ ವಿಚಾರಣೆ ನಡೆಸಿದರು. “ಮಣೆ ಜೊತಿಗೆ ಶ್ಯಾವಿಗಿ ಬಂದಾಗ ಬ್ಯಾಡ ಅಂದ್ಯಾ?” ಇಲ್ಲ. “ಪುಸ್ತಕದ್ ಜೊತಿಗೆ ಬಂಗ್ಡಿ ಬಂದಾಗ?” ಅದೂ ಇಲ್ಲ. ಆ ಬಂಗುಡೆಯ ಹೆಚ್ಚಿನ ಪಾಲು ಹೋದದ್ದು ಯಾರ ತಟ್ಟೆಗೆ ಎಂದು ನಾನು ಕೇಳಬಹುದಿತ್ತು, ಕೇಳಲಿಲ್ಲ. ಅತ್ತೆ ಕೊನೆಯ ಎಸಳು ಸುಲಿದು ತೀರ್ಪು ಕೊಟ್ಟರು: “ಮೀನ್ ಇಲ್ದಿರೆ ಮಾತ್ ತರ್ಲಿ. ಪುಸ್ತಕ ಓದಿ ಎಂತ ಕಂಡ್ತೋ ಅದ್ನ್ ಬಂದ್ ಹೇಳ್ಲಿ. ಮಾತಿಗ್ ನಮ್ಮೂರಂಗೆ ಬೋಟ್ ಬೇಕಾ?”

ಮರುದಿನ ಬೆಳಿಗ್ಗೆ ಅದನ್ನೇ ಊರಿಡೀ ಸಾರಿದೆ. ಪುಸ್ತಕದ ಜೊತೆ ಒಂದು ಮಾತು ತಂದರೆ ಸಾಕು, ಅದು ಬಂಗುಡೆಗೆ ಸಮ. ಅಧಿಕಾರಿಗಳು ಬರುವ ದಿನ ಹತ್ತು ಗಂಟೆಗೆ ಬಾಗಿಲು ತೆಗೆದರೆ ಹೊರಗೆ ಕೊಡೆಗಳ ಸಾಲು. ಒಬ್ಬೊಬ್ಬರೂ ಪುಸ್ತಕವನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ತಂದದ್ದನ್ನು ಒಪ್ಪಿಸತೊಡಗಿದರು. ಗಿರಿಜಕ್ಕ ಕಾದಂಬರಿಯ ನಾಯಕಿಯನ್ನು ತರಾಟೆಗೆ ತೆಗೆದುಕೊಂಡಿದ್ದರು. “ಆ ಹೆಣ್ಣ್ ಅವ್ನನ್ನ್ ಮದಿ ಆಪ್ಕಾಗ್ದಿತ್ತ್! ಒಂದ್ ಮಾತ್ ನನ್ನನ್ನ್ ಕೇಂಡಿದ್ರೆ ಹೇಳ್ತಿದ್ದೆ!” ಇನ್ನೊಬ್ಬರು ನಾಯಕಿಯ ಪರ ವಹಿಸಿದರು. ಗ್ರಂಥಾಲಯದಲ್ಲಿ ನಿಶ್ಶಬ್ದ ಎಂಬ ಫಲಕ ಗೋಡೆಯ ಮೇಲೆ ಇದ್ದಂತೆಯೇ ಇತ್ತು. ನಮ್ಮೂರವರ ಪಿಸುಮಾತೇ ಹೊಳೆಯಾಚೆಗೆ ಕೇಳುತ್ತದೆ, ಇನ್ನು ಜಗಳ ಕೇಳಬೇಕೆ?

ಅಷ್ಟರಲ್ಲಿ ಅಧ್ಯಕ್ಷರೊಂದಿಗೆ ಅಧಿಕಾರಿಗಳು ಬಂದರು. ಬಯಲುಸೀಮೆಯವರು, ಮೆಲುದನಿಯ ಮನುಷ್ಯ. ಕೂರಲು ಕುರ್ಚಿ ಸಿಗಲಿಲ್ಲ. ನಿಂತೇ ಕೇಳಿದರು, ಸುಮಾರು ಹೊತ್ತು ಕೇಳಿದರು. ಕಪಾಟುಗಳು ತುಂಬಿದ್ದನ್ನು ನೋಡಿದರು. ಕೊನೆಗೆ ಗಿರಿಜಕ್ಕನ ಆ ಕಾದಂಬರಿಯನ್ನೇ ಕೈಗೆತ್ತಿಕೊಂಡು, “ಅವಳು ಮದುವೆಯಾಗಬಾರದಿತ್ತೋ ಏನೋ, ನಾನೂ ಓದಿ ನೋಡ್ತೀನಿ” ಎಂದು ಒಯ್ದೇಬಿಟ್ಟರು. ಅವರು ಹೋದ ಮೇಲೆ ಅಧ್ಯಕ್ಷರು ತಲೆ ಕೆರೆದುಕೊಂಡು, “ಈ ಗಲಾಟಿನ ಮೆಟ್ಲಡಿಗೆ ಹಾಕುಕೆ ಆತಿಲ್ಲೆ ಮರ್ರೆ, ಇಲ್ಲೇ ಇರ್ಲಿ” ಎಂದರು. ನನಗೆ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಂಡು ನೆಗಡಿ ಎಂದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕೆಲವು ದಿನಗಳ ನಂತರ ಅಧಿಕಾರಿಗಳು ಬೈಂದೂರಿಗೆ ಹೋಗುವ ದಾರಿಯಲ್ಲಿ ಜೀಪು ನಿಲ್ಲಿಸಿ ಒಳಗೆ ಬಂದರು. ಕಾದಂಬರಿಯನ್ನು ಮೇಜಿನ ಮೇಲಿಟ್ಟು, “ಥ್ಯಾಂಕ್ಸ್ ಅಮ್ಮಾ” ಎಂದು ಕೈಮುಗಿದು ಹೊರಟೇಹೋದರು. ನಾನು ಅವರ ಬಾಯಿ ನೋಡಿದೆ, ಒಂದು ಮಾತಿಲ್ಲ. ಕೈ ನೋಡಿದೆ, ಚೀಲ ನೋಡಿದೆ, ಬಗ್ಗಿ ಜೀಪಿನ ಹಿಂದಿನ ಸೀಟನ್ನೂ ನೋಡಿದೆ.

ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿದೆ, “ಎಂಥಾ ಜನ ಅತ್ತೆ! ಅಷ್ಟ್ ದೊಡ್ಡ ಆಫೀಸರ್, ಖಾಲಿ ಕೈಯಂಗ್ ಬಂದ್ರ್!”

“ಪುಸ್ತಕ ತಂದ್ಕೊಡ್ಲಿಲ್ಯಾ ಹಾಂಗಾರೆ?” ಎಂದರು ಅತ್ತೆ.

ತಂದಿದ್ದರು. ಅದನ್ನು ಕಪಾಟಿಗೆ ಸೇರಿಸಲು ನಾನು ಮರೆತೇ ಬಂದಿದ್ದೆ.