ನಾನು ಅಮೆರಿಕಕ್ಕೆ ಬ್ಯಾಟು ಆರಿಸಿದ್ದು

ತಿಪಟೂರಿನಲ್ಲಿ ಕ್ರಿಕೆಟ್ ಬಗ್ಗೆ ನನಗಿಂತ ಹೆಚ್ಚು ತಿಳಿದವರು ಯಾರೂ ಇಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದ ಕಾಲವದು. ನಂಬಿಕೆಗೆ ಆಧಾರವೂ ಇತ್ತು. ಊರಿನ ತಂಡಕ್ಕೆ ನಾನು ಸತತ ಏಳು ವರ್ಷ ಕ್ಯಾಪ್ಟನ್! ಹೇಗೆ ಕ್ಯಾಪ್ಟನ್ ಆದೆ ಎಂದು ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. ಈಗ ಹೇಳಿಬಿಡುತ್ತೇನೆ. ಪಿಚ್ಚಿನ ಮೇಲೆ ಹಾಸುವ ತೆಂಗಿನ ನಾರಿನ ಮ್ಯಾಟು ನಮ್ಮ ಮನೆಯದು. ಮ್ಯಾಟಿಲ್ಲದೆ ಆಟವಿಲ್ಲ, ನಾನಿಲ್ಲದೆ ಮ್ಯಾಟಿಲ್ಲ. ಬೇಗ ಔಟ್ ಕೊಟ್ಟರೆ ಮ್ಯಾಟು ಸುತ್ತಿಕೊಂಡು ಹೊರಟುಬಿಟ್ಟಾನೆಂಬ ಭಯಕ್ಕೆ ಅಂಪೈರುಗಳು ನಾನು ಎರಡು ಮೂರು ಸಲ ಔಟಾಗುವವರೆಗೂ ಕಾಯುತ್ತಿದ್ದರು. ಅಷ್ಟಾಗಿಯೂ ನನ್ನ ಜೀವಮಾನದ ಅತ್ಯಧಿಕ ರನ್ನು ಹನ್ನೊಂದು. ಅದರಲ್ಲಿ ನಾಲ್ಕು ನನ್ನ ಮಂಡಿಗೆ ಬಡಿದು ಹೋದದ್ದು!

ಮದುವೆಯ ಮಾತುಕತೆಗೆ ಶೆಟ್ಟಿಕೆರೆಗೆ ಹೋದಾಗ ನಮ್ಮ ಕಡೆಯವರು, "ಹುಡುಗ ಸದಾಶಿವಯ್ಯ, ಕೊಬ್ಬರಿ ವ್ಯಾಪಾರ, ಕ್ರಿಕೆಟ್ ಕ್ಯಾಪ್ಟನ್" ಎಂದು ಹೇಳಿದ್ದರು. ನನ್ನ ಹೆಂಡತಿಯಾಗಲಿದ್ದ ಗಿರಿಜೆ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ತಮ್ಮ ಬಸವರಾಜು ಮಾತ್ರ ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನು ನೋಡಿದ. ಆ ಭಕ್ತಿ ಅವನು ಹಲ್ಲಿನ ಡಾಕ್ಟರಾಗಿ ಅಮೆರಿಕ ಸೇರಿದ ಮೇಲೂ ಕಡಿಮೆಯಾಗಲಿಲ್ಲ. ಇಂಡಿಯಾ ವಿಶ್ವಕಪ್ ಗೆದ್ದ ಮಾರನೆಯ ವರ್ಷ ಅವನಿಂದ ಕಾಗದ ಬಂತು.

"ಭಾವನವರಿಗೆ ನಮಸ್ಕಾರಗಳು. ಇಲ್ಲಿ ನಾವೊಂದಷ್ಟು ಜನ ಸೇರಿ ಕ್ರಿಕೆಟ್ ಕ್ಲಬ್ ಮಾಡಿಕೊಂಡಿದ್ದೇವೆ. ಭಾನುವಾರ ಪಾರ್ಕಿನಲ್ಲಿ ಮ್ಯಾಟು ಹಾಸಿ ಆಡುತ್ತೇವೆ. ಚೆಂಡು ಹೊಟ್ಟೆಯ ಎತ್ತರಕ್ಕೆ ಏಳುತ್ತದೆ. ಸುತ್ತ ಹುಲ್ಲು ಉದ್ದ. ನೆಲದ ಮೇಲೆ ಹೊಡೆದರೆ ಚೆಂಡು ನಾಲ್ಕು ಮಾರು ಹೋಗಿ ನಿಂತುಬಿಡುತ್ತದೆ, ಎತ್ತಿಯೇ ಹೊಡೆಯಬೇಕು. ಇಲ್ಲಿಯ ಅಂಗಡಿಗಳಲ್ಲಿ ಕ್ರಿಕೆಟ್ ಬ್ಯಾಟು ಸಿಗುವುದಿಲ್ಲ. ಪಕ್ಕದ ಊರಿನ ಕ್ಲಬ್ಬಿನ ಕೈಲಿ ಮೂರು ವರ್ಷದಿಂದ ಸೋಲುತ್ತಿದ್ದೇವೆ, ಆಗಸ್ಟಿನಲ್ಲಿ ಮತ್ತೆ ಅವರ ಮೇಲೆ ಆಟವಿದೆ. ನಮ್ಮ ಆಟಕ್ಕೆ ಹೊಂದುವ ಬ್ಯಾಟೊಂದನ್ನು ನೀವೇ ಮುಂದೆ ನಿಂತು ಆರಿಸಬೇಕು. ಇಂಥ ವಿಷಯ ತಿಳಿದವರು ನಿಮ್ಮನ್ನು ಬಿಟ್ಟು ನನಗೆ ಯಾರಿದ್ದಾರೆ? ರಜಕ್ಕೆ ಊರಿಗೆ ಬಂದಿರುವ ನನ್ನ ಗೆಳೆಯ ಮಹೇಶ ವಾಪಸು ಬರುವಾಗ ನಿಮ್ಮಿಂದ ಅದನ್ನು ತೆಗೆದುಕೊಳ್ಳುತ್ತಾನೆ."

ಕಾಗದವನ್ನು ಗಿರಿಜೆಗೆ ಎರಡು ಸಲ ಓದಿ ಹೇಳಿದೆ. 'ನಿಮ್ಮನ್ನು ಬಿಟ್ಟು ನನಗೆ ಯಾರಿದ್ದಾರೆ' ಎಂಬುದನ್ನು ಮೂರು ಸಲ.

"ರೀ, ಬ್ಯಾಟ್ ಆರ್ಸಕ್ಕೆ ನಿಮಗೆ ಬತ್ತದಾ?" ಎಂದಳು.

"ಏನೇ ಹಂಗಂದ್ರೆ? ಏಳು ವರ್ಷ ಕ್ಯಾಪ್ಟನ್ ಕಣೇ ನಾನು!"

"ಅದಕ್ಕೇ ಕೇಳಿದ್ದು. ನಿಮ್ಮನ್ನ ದೊಡ್ಡ ಆಟಗಾರ ಅಂತ ನಂಬ್ಕಂಡಿರೋನು ಈ ಭೂಮಿ ಮೇಲೆ ಅವ್ನೊಬ್ನೇ. ಅವ್ನ ಹತ್ರನಾದ್ರೂ ಮರ್ಯಾದೆ ಉಳಿಸ್ಕಳಿ."

ಅವಳ ಮಾತಿನಲ್ಲಿ ಅಪನಂಬಿಕೆಯ ವಾಸನೆಯಿತ್ತು. ನಾನು ಬೆಂಗಳೂರಿನ ರೈಲು ಹತ್ತಿದೆ.

ಆಟದ ಸಾಮಾನಿನ ಅಂಗಡಿಯಲ್ಲಿ "ಅಮೆರಿಕಕ್ಕೆ ಬ್ಯಾಟು ಬೇಕು" ಎಂದ ಕೂಡಲೇ ಕುರ್ಚಿ ಬಂತು. ಮುಂದೆ ಬ್ಯಾಟುಗಳ ರಾಶಿ ಬಂತು. ನಾನು ಕಸುಬಿನಿಂದ ಕೊಬ್ಬರಿಯವನು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ, ಕೊಳೆತಿದೆಯೋ ಎಂದು ಹೇಳಬಲ್ಲ ಕಿವಿ ನನ್ನದು. ಮೊದಲನೆಯ ಬ್ಯಾಟನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ.

"ಸಾರ್, ಅದರೊಳಗೆ ಏನೂ ಇರಲ್ಲ" ಎಂದರು ಅಂಗಡಿಯವರು.

"ಇಲ್ಲ ಅಂತ ಖಾತ್ರಿ ಮಾಡ್ಕಂತಾ ಇದೀನಿ" ಎಂದೆ.

ಹೀಗೆ ಇಪ್ಪತ್ತಮೂರು ಬ್ಯಾಟುಗಳ ಖಾತ್ರಿಯಾಯಿತು. ಪಕ್ಕದಲ್ಲಿ ಬ್ಯಾಟು ನೋಡುತ್ತಿದ್ದ ಇಬ್ಬರು ಕಾಲೇಜು ಹುಡುಗರು, ಇದೇನೋ ಹೊಸ ವಿದ್ಯೆ ಇರಬೇಕೆಂದು ತಾವೂ ಬ್ಯಾಟುಗಳನ್ನು ಕಿವಿಗೆ ಹಿಡಿದು ಅಲ್ಲಾಡಿಸತೊಡಗಿದರು! ಅಂಗಡಿಯವರು ಹಣೆ ಒತ್ತಿಕೊಂಡರು.

ಕೊನೆಗೆ ನಾನು ಆರಿಸಿದ್ದು ಇಡೀ ಅಂಗಡಿಯಲ್ಲಿ ಅತಿ ಉದ್ದನೆಯ, ಅತಿ ಭಾರದ ಬ್ಯಾಟನ್ನು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಅಮೆರಿಕ ದೊಡ್ಡ ದೇಶ. ಅಲ್ಲಿಯ ಜನ ಎತ್ತರ. ಬ್ಯಾಟು ಉದ್ದವಿರಬೇಡವೇ? ಇನ್ನು ತೂಕವಿಲ್ಲದ ಮಾಲನ್ನು ಒಳ್ಳೆಯ ಮಾಲೆಂದು ಯಾವ ವ್ಯಾಪಾರಿ ಒಪ್ಪುತ್ತಾನೆ? ನನ್ನ ಭಾಮೈದ ಐದಡಿ ಮೂರಂಗುಲದವನು ಎಂಬುದು ಆಗ ನೆನಪಿಗೆ ಬರಲಿಲ್ಲ.

"ಮ್ಯಾಟ್ ಮೇಲೆ ಎತ್ತಿ ಹೊಡೆಯೋರಿಗೆ ಇದು ಭಾರ ಆಗತ್ತೆ ಸಾರ್, ಉದ್ದಾನೂ ಜಾಸ್ತಿ. ಗಿಡ್ಡದು, ಹಗುರದ್ದು ತಗೊಳ್ಳಿ" ಎಂದರು ಅಂಗಡಿಯವರು.

ನಾನು ಅವರತ್ತ ಮರುಕದಿಂದ ನಕ್ಕೆ. ಹೊರಡುವಾಗ ಪಾಪ ಅವರು ಇನ್ನೊಂದು ಮಾತು ಹೇಳಿದರು. "ಅಗಸೆ ಎಣ್ಣೆ ತೆಳ್ಳಗೆ ಸವರಿ ಸಾರ್. ತುದಿಗೆ ಮಾತ್ರ ಒಂಚೂರು ಜಾಸ್ತಿ."

ತೆಂಗಿನ ಸೀಮೆಯವನಿಗೆ ಅಗಸೆ ಎಣ್ಣೆಯ ಉಪದೇಶ! ಮನೆಗೆ ಬಂದವನೇ ಒಂದು ತಗಡಿನ ಡಬ್ಬಕ್ಕೆ ಕೊಬ್ಬರಿ ಎಣ್ಣೆ ಸುರಿದು, ಬ್ಯಾಟಿನ ತುದಿಯನ್ನು ಅದರಲ್ಲಿ ಮೂರು ದಿನ ನಿಲ್ಲಿಸಿದೆ. ಒಂಚೂರು ಜಾಸ್ತಿ ಎಂದರೆ ನಮ್ಮ ಕಡೆ ಅಷ್ಟೇ.

"ನನ್ನ ತಲೆಗಿಲ್ಲದಿರೋ ಎಣ್ಣೆ ಅದರ ಬುಡಕ್ಕಾ?" ಎಂದು ಗಿರಿಜೆ ಖಾಲಿ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ತೋರಿಸಿದಳು.

ನಾಲ್ಕನೆಯ ದಿನ ಬ್ಯಾಟನ್ನು ಒಣಗಲೆಂದು ಕಾಯಿಗಳ ಜೊತೆ ಅಟ್ಟಕ್ಕೇರಿಸಿದೆ. ನಮ್ಮಲ್ಲಿ ಯಾವುದೇ ವಸ್ತು ಹದವಾಗಬೇಕಾದರೆ ಅಟ್ಟಕ್ಕೇ ಹೋಗಬೇಕು.

"ಅಲ್ಲಿಕ್ಬೇಡಿ ಕಣ್ರೀ, ಇಲಿ ಅವೆ."

"ಲೇ, ಅಟ್ಟದ ತುಂಬಾ ಕೊಬ್ಬರಿ ಇರೋವಾಗ ಇಲಿ ಮರ ಯಾಕೆ ತಿಂತದೆ?"

ಈ ವಾದದಲ್ಲಿ ತಪ್ಪು ಹುಡುಕುವುದು ಯಾರಿಂದಲೂ ಸಾಧ್ಯವಿಲ್ಲ. ಆದರೆ ಇಲಿಗೆ ಅದನ್ನು ಯಾರೂ ಹೇಳಿರಲಿಲ್ಲ. ಗಟ್ಟಿ ಚಿಪ್ಪು ಕೊರೆದು ಕೊಬ್ಬರಿ ತಿನ್ನುವ ಕಷ್ಟ ಯಾವ ಇಲಿಗೆ ಬೇಕು, ಕೊಬ್ಬರಿಯಲ್ಲೇ ನೆನೆದ ಮೆತ್ತನೆಯ ಮರ ಎದುರಿಗೆ ನಿಂತಿರುವಾಗ!

ಮಹೇಶ ಮಧ್ಯಾಹ್ನ ಬರುತ್ತಾನೆಂಬ ದಿನ ಬೆಳಿಗ್ಗೆ ಬ್ಯಾಟನ್ನು ಕೆಳಗಿಳಿಸಿದೆ. ಅದರ ತುದಿ, ಹಸಿದವನೊಬ್ಬ ಅರ್ಧ ತಿಂದು ಬಿಸಾಡಿದ ಜೋಳದ ತೆನೆಯಂತಿತ್ತು. ಭೂಮಿಯ ಮೇಲೆ ನನ್ನನ್ನು ನಂಬಿದ್ದ ಆ ಒಬ್ಬ ಮನುಷ್ಯನ ಮುಖ ಕಣ್ಣೆದುರು ಬಂದು ನಿಜವಾಗಿಯೂ ಅಳು ಬಂತು. ಗಿರಿಜೆ ಬ್ಯಾಟು ಮುಚ್ಚಿಕೊಳ್ಳಲೆಂದು ಒಂದು ಟವೆಲು ತಂದುಕೊಟ್ಟಳು.

ಬ್ಯಾಟಿಗೆ ಟವೆಲು ಸುತ್ತಿ ಬಡಗಿ ನಂಜುಂಡಾಚಾರಿಯ ಬಳಿಗೆ ಓಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಮೇಲೆಲ್ಲಾ ಗಟ್ಟಿ ಐತೆ ಸ್ವಾಮಿ. ಬುಡದಾಗೆ ಎರಡು ಬೆರಳು ಕುಯ್ದಾಕ್ಬುಟ್ರೆ ಆಯ್ತು. ಬೇಕಾದ್ರೆ ಒನಕೆಗೆ ಹಾಕಿದಂಗೆ ಒಂದು ಕಬ್ಬಿಣದ ಬಳೆ ಹಾಕ್ತೀನಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬತ್ತದೆ."

"ಬಳೆ ಬೇಡ ಆಚಾರ್ರೇ, ಕುಯ್ದುಬುಡಿ."

ಎರಡು ಬೆರಳು ಕುಯ್ದರು. ಎಡಗಡೆ ತುಸು ಇಳಿಯಿತು. ಅದನ್ನು ಸರಿಮಾಡಲು ಇನ್ನೊಂದು ಬೆರಳು ಕುಯ್ದರು. ಬಲಗಡೆ ಇಳಿಯಿತು. ಇನ್ನೊಂದು! ಅಷ್ಟಾದ ಮೇಲೆ ಬ್ಯಾಟಿನ ಬೆನ್ನು ದಪ್ಪವಾಯಿತೆಂದು ತಾವಾಗಿಯೇ ಎರಡೆಳೆ ಕೀಸುಳಿ ಹೊಡೆದು ತೆಳ್ಳಗೆ ಮಾಡಿದರು.

"ಅಂಚಿನಾಗೆ ಎರಡು ಹಲ್ಲಿನ ಗೀರು ಉಳ್ಕಂಡವೆ. ಅದನ್ನೂ ತೆಗೀಲಾ?"

"ಬೇಡ! ಇನ್ನೂ ತೆಗೆದ್ರೆ ಹಿಡಿ ಒಂದೇ ಉಳಿಯೋದು!" ಎಂದು ಕಿತ್ತುಕೊಂಡು ಬಂದೆ.

ಮಹೇಶ ಬಂದ. ಕಾಫಿ ಕುಡಿದ. ಬ್ಯಾಟನ್ನು ಸೂಟ್‌ಕೇಸಿನೊಳಗೆ ಮೂಲೆಯಿಂದ ಮೂಲೆಗೆ ಇಟ್ಟು ಮುಚ್ಚಳ ಒತ್ತಿದ. ಟಪ್ಪನೆ ಕೂತುಕೊಂಡಿತು! "ಎಲ್ಲಿ ಹಿಡಿಸಲ್ಲವೋ ಅಂತ ಯೋಚನೆ ಆಗಿತ್ತು. ಅಳತೆ ನೋಡಿಯೇ ತಂದಿದೀರಲ್ಲ ಸಾರ್!" ಎಂದ.

"ಅದೆಲ್ಲ ಮೊದಲೇ ಯೋಚನೆ ಮಾಡ್ಬೇಕಾಗ್ತದೆ" ಎಂದೆ. ಅಡುಗೆಮನೆಯಿಂದ ಗಿರಿಜೆ ಕೆಮ್ಮಿದಳು.

ಅಲ್ಲಿಂದ ಮುಂದಿನ ಮೂರು ತಿಂಗಳು ಪೋಸ್ಟ್‌ಮ್ಯಾನ್ ರುದ್ರಪ್ಪನ ಸೈಕಲ್ ಬೆಲ್ಲು ಕೇಳಿದರೆ ನಾನು ಹಿತ್ತಲಿಗೆ ಹೋಗುತ್ತಿದ್ದೆ. ಇಲಿಗಳ ಮೇಲಿನ ಸಿಟ್ಟಿಗೆ ಹೊನ್ನವಳ್ಳಿಯ ನಂಟರ ಮನೆಯಿಂದ ದಪ್ಪನೆಯ ಬೆಕ್ಕೊಂದನ್ನು ತಂದು ಅಟ್ಟ ಹತ್ತಿಸಿದೆ. ವಾರದೊಳಗೆ ಒಂದು ಇಲಿಯೂ ಉಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ಕಾಗದ ಬಂತು. ನಾನು ಹಿತ್ತಲಿನಲ್ಲಿದ್ದೆ. ಗಿರಿಜೆಯೇ ಒಡೆದು, ಓದಿ, ಬಾಯಿಯ ಮೇಲೆ ಕೈಯಿಟ್ಟುಕೊಂಡು ಬಂದಳು.

"ರೀ, ಗೆದ್ದವ್ರಂತೆ!"

ಗೆದ್ದಿದ್ದರು! ಬಸವರಾಜು ಒಬ್ಬನೇ ಅರವತ್ತೆರಡು ಹೊಡೆದಿದ್ದ. "ಭಾವ, ನೀವು ಮಹಾ ತಜ್ಞರು" ಎಂದು ಬರೆದಿದ್ದ. "ನನ್ನಂಥ ಗಿಡ್ಡನಿಗೆ ಗಿಡ್ಡ ಬ್ಯಾಟೇ ಬೇಕೆಂದು ಅಷ್ಟು ದೂರದಲ್ಲಿ ಕುಳಿತು ಹೇಗೆ ಊಹಿಸಿದಿರಿ? ಎತ್ತಿದರೆ ಹೂವು. ಹೊಟ್ಟೆಯೆತ್ತರಕ್ಕೆ ಬಂದ ಚೆಂಡೆಲ್ಲ ಮರದ ಮೇಲಿಂದ ಆಚೆಗೆ ಹೋಯಿತು. ಕ್ಲಬ್ಬಿನವರು ಸರ್ವಾನುಮತದಿಂದ ನಿಮ್ಮನ್ನು ಗೌರವ ಸಲಹೆಗಾರರನ್ನಾಗಿ ಆರಿಸಿದ್ದಾರೆ. ಇಂಥವೇ ಇನ್ನೂ ಆರು ಬ್ಯಾಟು ಕಳಿಸಿ. ತುದಿಯ ಅಂಚಿನಲ್ಲಿ ಎರಡು ಸಣ್ಣ ಗೀರುಗಳಿವೆಯಲ್ಲ, ಅದು ತಯಾರಕರ ಗುರುತಿರಬೇಕು. ದಯವಿಟ್ಟು ಆ ಗುರುತಿರುವ ಅಸಲಿ ಮಾಲನ್ನೇ ನೋಡಿ ಕಳಿಸಿ."

ಆ ದಿನ ನಾನು ಕಾಗದ ಹಿಡಿದು ಇಡೀ ಕೊಬ್ಬರಿ ಮಂಡಿ ಸುತ್ತಿದೆ. ಎದೆ ಯಾವ ಅಂಗಿಯೊಳಗೂ ಹಿಡಿಸದಷ್ಟು ಉಬ್ಬಿತ್ತು. ಕೇಳಿದವರಿಗೂ ಕೇಳದವರಿಗೂ ಓದಿ ಹೇಳಿದೆ. ಅಮೆರಿಕಕ್ಕೆ ಸಲಹೆಗಾರ! ಅದೂ ಗೌರವ! ಮನೆಗೆ ಬಂದಾಗ ಗಿರಿಜೆ ಬಾಗಿಲಲ್ಲೇ ನಿಂತಿದ್ದಳು.

"ಎಲ್ಲಾ ಸರಿ. ಆರು ಬ್ಯಾಟಿಗೆ ಇಲಿ ಎಲ್ಲಿಂದ ತತ್ತೀರಾ?"

ಎದೆ ಅಂಗಿಯೊಳಕ್ಕೆ ವಾಪಸು ಬಂತು. "ಅಲ್ವೇ, ನಿನ್ನ ತಮ್ಮ ಹಲ್ಲಿನ ಡಾಕ್ಟರು. ಹಲ್ಲಿನ ಗುರುತು ಕಂಡರೆ ತಿಳಿಯಲ್ವಾ?"

"ಅವ್ನು ಮನುಷ್ಯರ ಹಲ್ಲಿನ ಡಾಕ್ಟರು ಕಣ್ರೀ."

ಬೆಂಗಳೂರಿನಿಂದ ಆರು ಬ್ಯಾಟು ತಂದೆ. ಆಚಾರಿ ಅಳತೆಗೆ ಸರಿಯಾಗಿ ಕುಯ್ದುಕೊಟ್ಟರು. ಗುರುತು ಮಾತ್ರ ಅವರ ಕೈಲಾಗಲಿಲ್ಲ. "ಉಳೀಲಿ ಹೊಡೆದ್ರೆ ಉಳಿ ಥರಾನೇ ಕಾಣ್ತದೆ ಸ್ವಾಮಿ. ಹಲ್ಲಿನ ಕೆಲಸ ಹಲ್ಲೇ ಮಾಡ್ಬೇಕು" ಎಂದುಬಿಟ್ಟರು. ಸರಿ, ಬೆಕ್ಕನ್ನು ಚೀಲದಲ್ಲಿ ಹಾಕಿ ಸಕಲ ಮರ್ಯಾದೆಯೊಂದಿಗೆ ಹೊನ್ನವಳ್ಳಿಗೆ ಬಿಟ್ಟುಬಂದೆ. ಬ್ಯಾಟುಗಳ ತುದಿಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಸಿ, ಅಟ್ಟದ ಮೂಲೆಯಲ್ಲಿ ಸುತ್ತಿಟ್ಟಿದ್ದ ನಾರಿನ ಮ್ಯಾಟಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಇಲಿಗಳಿಗೆ ಅನುಕೂಲವಾಗಲೆಂದು ಏಣಿಯನ್ನೂ ತೆಗೆಯಲಿಲ್ಲ!

ಇಲಿಗಳು ಬಂದವು. ಹದಿನೈದು ದಿನ ಅಟ್ಟದ ಮೇಲೆ ಸಂಭ್ರಮವೋ ಸಂಭ್ರಮ. ಆ ಸದ್ದು ನನಗೆ ಮಂಗಳವಾದ್ಯದಂತೆ ಕೇಳುತ್ತಿತ್ತು. ಹದಿನಾರನೆಯ ದಿನ ಹತ್ತಿ ನೋಡಿದೆ. ಆರು ಬ್ಯಾಟೂ ಹಾಗೇ ಇದ್ದವು, ಒಂದಕ್ಕೂ ಹಲ್ಲು ಸೋಕಿರಲಿಲ್ಲ. ಸೋರಿದ ಎಣ್ಣೆಯನ್ನೆಲ್ಲ ಕುಡಿದಿದ್ದ ಮ್ಯಾಟನ್ನು ಮಾತ್ರ ಈ ಕಡೆಯಿಂದ ಆ ಕಡೆಗೆ ಕೊರೆದುಬಿಟ್ಟಿದ್ದವು! ಬಿಚ್ಚಿದರೆ ಸಾಲಾಗಿ ತೂತು. ಏಳು ವರ್ಷದ ನನ್ನ ಕ್ಯಾಪ್ಟನ್‌ಗಿರಿಯನ್ನು ಇಲಿಗಳು ಹದಿನೈದು ದಿನದಲ್ಲಿ ತಿಂದು ಮುಗಿಸಿದ್ದವು.

ಆ ಮ್ಯಾಟಿನ ಮೇಲೆಯೇ ಕುಳಿತುಬಿಟ್ಟೆ. ಗಿರಿಜೆ ಏಣಿಯ ಕೆಳಗೆ ನಿಂತು, "ನಿಜ ಬರೆದುಬುಡಿ. ಅವ್ನೇನು ಹೊರಗಿನೋನಾ?" ಎಂದಳು. ಎಂದಿಲ್ಲದ ಮೆತ್ತನೆಯ ದನಿಯಲ್ಲಿ ಹೇಳಿದಳು. ಅದಕ್ಕೇ ಬರೆದೆ. ಮ್ಯಾಟಿನಿಂದ ಹಿಡಿದು ಬೆಕ್ಕಿನವರೆಗೆ ಎಲ್ಲವನ್ನೂ, ಆ ಹನ್ನೊಂದು ರನ್ನನ್ನೂ ಬಿಡದೆ ಬರೆದು, ಗುರುತಿಲ್ಲದ ಆರು ಬ್ಯಾಟುಗಳ ಜೊತೆ ಪಾರ್ಸೆಲ್ ಮಾಡಿದೆ. ಇದ್ದ ಒಬ್ಬನೇ ಭಕ್ತನೂ ಹೋದನೆಂದು ಸುಮ್ಮನಾದೆ.

ಮರುವರ್ಷ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ರುದ್ರಪ್ಪ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಇಡೀ ಬೀದಿಗೆ ಕೇಳುವಂತೆ ಓದಿದ. "ಶ್ರೀ ಇಲಿರಾಯರು, ಗೌರವ ಸಲಹೆಗಾರರು, ಅಟ್ಟದ ಮೇಲೆ, ತಿಪಟೂರು. ಕೇರಾಫ್ ಸದಾಶಿವಯ್ಯನೋರು! ಅಮೆರಿಕದಿಂದ ರಿಜಿಸ್ಟರ್ಡ್ ಬಂದೈತೆ ಸ್ವಾಮಿ. ಹೆಸರಿದ್ದೋರೇ ಸೈನ್ ಹಾಕ್ಬೇಕು. ಎಲ್ಲವ್ರೆ?"

"ಅವ್ರು ಮಲಗವ್ರೆ. ಇವ್ರ ಕೈಲೇ ಹಾಕಿಸ್ಕಳಪ್ಪ" ಎಂದಳು ಗಿರಿಜೆ.

ಒಳಗೊಂದು ಫೋಟೋ ಇತ್ತು. ಕಪ್ಪು ಹಿಡಿದ ಹನ್ನೊಂದು ಜನ; ಎಲ್ಲರ ಟೋಪಿಯ ಮೇಲೂ ದಾರದಲ್ಲಿ ಹೊಲಿದ ಒಂದೊಂದು ಪುಟ್ಟ ಇಲಿ! ಹಿಂಭಾಗದಲ್ಲಿ ಬಸವರಾಜು ಬರೆದಿದ್ದ: "ಭಾವ, ಈ ವರ್ಷವೂ ಗೆದ್ದೆವು. ಆರು ಬ್ಯಾಟೂ ಬಂಗಾರ. ನಿಮ್ಮ ಕಾಗದವನ್ನು ಕ್ಲಬ್ಬಿನಲ್ಲಿ ಓದಿ ಹೇಳಿದೆ. ನಕ್ಕು ನಕ್ಕು ಅರ್ಧ ಜನ ಹುಲ್ಲಿನ ಮೇಲೆ ಬಿದ್ದರು. ಹನ್ನೊಂದು ರನ್ನು ಹೊಡೆದು ಏಳು ವರ್ಷ ಕ್ಯಾಪ್ಟನ್ ಆಗಿರುವುದು ಅರವತ್ತೆರಡು ಹೊಡೆಯುವುದಕ್ಕಿಂತ ಕಷ್ಟವೆಂದು ಎಲ್ಲರೂ ಒಪ್ಪಿದ್ದಾರೆ."

ನನಗೆ ಖುಷಿಯಾಯಿತು. ನಿಜವಾಗಿಯೂ ಖುಷಿಯಾಯಿತು. ಬೀದಿಯವರೆಲ್ಲ ಸೇರಿ ಫೋಟೋ ನೋಡುತ್ತಿದ್ದಾಗ ರುದ್ರಪ್ಪ ರಸೀದಿ ಮುಂದೆ ಹಿಡಿದ. ಪೆನ್ನು ತೆಗೆದುಕೊಂಡು ಗಂಭೀರವಾಗಿ "ಇಲಿರಾಯರ ಪರವಾಗಿ, ಸದಾಶಿವಯ್ಯ" ಎಂದು ಸಹಿ ಹಾಕಿದೆ. ಅಭ್ಯಾಸಬಲದಿಂದ ಕೆಳಗೆ 'ಕ್ಯಾಪ್ಟನ್' ಎಂದು ಬರೆಯಲು ಹೊರಟವನು, ಮ್ಯಾಟಿನ ನೆನಪಾಗಿ ಪೆನ್ನು ವಾಪಸು ಕೊಟ್ಟೆ.