ಒಣ ಕೋಣೆಗೆ ತೇವಭಾಗ್ಯ

ನನ್ನ ಜೋಕಿಗೆ ಜನ ನಗುವುದು ಅಪರೂಪ. ಆದ್ದರಿಂದ ನಾನೇ ಮೊದಲು ನಗುತ್ತೇನೆ. ಆ ದಿನ ಕೊಟ್ಟೂರಿನಲ್ಲಿ ಸಹೋದ್ಯೋಗಿಯ ಬೀಳ್ಕೊಡುಗೆ ಸಭೆ. ಮೈಕು ಹಿಡಿದು ಬಾಯಿ ಅಗಲಿಸಿದೆನೋ ಇಲ್ಲವೋ, ಒಣಗಿದ ತುಟಿ ಚರ್ರನೆ ಸೀಳಿ ಬಿಳಿ ಅಂಗಿಯ ಮೇಲೆ ರಕ್ತ! ಮುಂದಿನ ಸಾಲಿನಿಂದ ಯಾರೋ, "ಎಲಿ ಅಡಿಕಿ ಉಗುಳಿ ಬರಬಾರ್ದಾ ಸರ್?" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನನ್ನ ಜೋಕಿಗಲ್ಲ!

ಮನೆಗೆ ಬಂದವನೇ ಹೆಂಡತಿಯ ಮುಂದೆ ಘೋಷಿಸಿದೆ. "ಅರ್ಚನಾ, ಊರ ತುಂಬ ನಂದ ಹವಾ ಐತಿ. ಮನ್ಯಾಗಿನ ಹವಾ ಮಾತ್ರ ಒಣಗೇತಿ. ಇವತ್ತಿನಿಂದ ಈ ಮನಿಗೆ ತೇವಭಾಗ್ಯ!"

"ಮೊದ್ಲು ಆ ಅಂಗಿ ನೆನಿ ಹಾಕ್ರಿ. ಭಾಗ್ಯ ಅಲ್ಲಿಂದ ಸುರು ಆಗ್ಲಿ."

ಅವಳಿಗೆ ನನ್ನ ವಿಜ್ಞಾನಕ್ಕೆ ಪುರುಸೊತ್ತಿರಲಿಲ್ಲ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹರಪನಹಳ್ಳಿಯ ಬೀಗರ ಮನೆಗೆ ಬುತ್ತಿ ಒಯ್ಯಬೇಕಿತ್ತು. ಬುತ್ತಿಯೆಂದರೆ ಮುಖ್ಯವಾಗಿ ಜೋಳದ ಖಡಕ್ ರೊಟ್ಟಿ. ಮುರಿದರೆ ಸದ್ದು ಓಣಿಗೆ ಕೇಳಬೇಕು! ಕೇಳದಿದ್ದರೆ, ಬಸುರಿ ಮಗಳು ವರ್ಷಗಟ್ಟಲೆ ತವರಿನ ಬಗ್ಗೆ ಚುಚ್ಚುಮಾತು ಕೇಳಬೇಕು. ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುತ್ತಿದ್ದರು.

ಇತ್ತ ನಾನು ತರಿಸಿದ, ಕೋಣೆಯ ಹವಾಕ್ಕೆ ನೀರಾವಿ ಊದುವ ಹ್ಯುಮಿಡಿಫೈಯರ್ ಬಂತು. ಜೊತೆಗೆ ತೇವ ಅಳೆಯುವ ಪುಟ್ಟ ಮೀಟರು. ಅದನ್ನು ಹಿಡಿದು ಕೋಣೆ ಕೋಣೆ ಸುತ್ತಿದೆ. ಬಚ್ಚಲಲ್ಲಿ ಮುಳ್ಳು ಕುಣಿಯಿತು. ಅಡುಗೆಮನೆಯಲ್ಲಿ ಅರ್ಚನಾ ಸಿಟ್ಟಿನಿಂದ ಉಸಿರು ಬಿಟ್ಟಾಗ ಇನ್ನಷ್ಟು ಏರಿತು. ಒಳಕೋಣೆಗೆ ಬಂದರೆ ನೆಲಕಚ್ಚಿತು! ಒಂದೇ ಸೂರಿನಡಿ ಒಂದು ಕೋಣೆಗೇಕೆ ಈ ಬರಗಾಲ? ಕಾನ್ವೆಂಟಿನಲ್ಲಿ ಸಿಸ್ಟರು ನನಗೆ 'ವೈ?' ಎಂದು ಕೇಳಲು ಕಲಿಸಿದ್ದರು. ಉತ್ತರಕ್ಕೆ ಕಾಯಲು ಕಲಿಸಿರಲಿಲ್ಲ.

ಅರ್ಚನಾ ಸೀರೆ ತರಲು ಪೇಟೆಗೆ ಹೋದ ಹೊತ್ತು ನೋಡಿ ಒಳಕೋಣೆಯ ಕಿಟಕಿ ಬಿಗಿದೆ. ಒದ್ದೆ ಚಾದರ ತೂಗುಬಿಟ್ಟೆ. ಮೂಲೆಯಲ್ಲಿ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ಬುಟ್ಟಿಯ ಪಕ್ಕದಲ್ಲೇ ಸ್ಟೂಲಿನ ಮೇಲೆ ಯಂತ್ರದ ಪ್ರತಿಷ್ಠಾಪನೆಯಾಯಿತು. ಬುಸ್ಸೆಂದು ಮೋಡ ಎದ್ದಿತು! ಈ ಆವಿಯೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕುತೂಹಲದಲ್ಲೇ ಬಾಗಿಲು ಎಳೆದುಕೊಂಡೆ.

ಎಲ್ಲಿಗೆ ಹೋಗಿತ್ತೆಂದು ಮರುದಿನ ಬೆಳಿಗ್ಗೆ ಅರ್ಚನಾಳ ಚೀರಾಟ ತಿಳಿಸಿತು.

"ಅಯ್ಯಯ್ಯೋ! ಏನ್ ಮಾಡೀರಿ ಇದು?"

"ಮನಿಯೊಳಗ ಎಲ್ಲಾಕಿಂತ ಒಣ ಕೋಣಿ ಇದ ನೋಡು! ಮೀಟರ್ ಹೇಳೇತಿ!"

"ಮೀಟರ್ ಯಾಕ ಹೇಳ್ಬೇಕ್ರಿ? ನನ್ನ ಕೇಳಿದ್ರ ನಾನ ಹೇಳ್ತಿದ್ನಲ್ಲ! ಒಣ ಐತಿ ಅಂತನ ರೊಟ್ಟಿ ಇಲ್ಲಿ ಇಟ್ಟಿದ್ದು!"

ಒಂದು ರೊಟ್ಟಿ ಎತ್ತಿದಳು. ಒದ್ದೆ ಟವೆಲಿನಂತೆ ಜೋತುಬಿತ್ತು. ಮಡಿಸಿದಳು. ಕರ್ಚೀಫಿನಂತೆ ಮಡಚಿಕೊಂಡಿತು!

"ತವಿ ಮ್ಯಾಲ ಕಾಸಿದ್ರ…"

"ಗಾಡಿ ಬಾಗ್ಲಾಗ ನಿಂತೈತಿ! ಮಗಳ ಮುಖ ಹ್ಯಾಂಗ ನೋಡ್ಲಿ ನಾನು?"

ಹರಪನಹಳ್ಳಿಯ ತನಕ ಅವಳು ನನಗೆ ಬೆನ್ನು ತಿರುಗಿಸಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿಯೊಳಗಿನ ಹವಾ ಅಷ್ಟು ಒಣಗಿದ್ದನ್ನು ನಾನು ಕಂಡೇ ಇರಲಿಲ್ಲ!

ಬೀಗತಿ ಗುರುಬಸಮ್ಮ ಬುತ್ತಿ ಬಿಚ್ಚಿಸಿದರು. ಅವರ ಓಣಿಯ ಹೆಂಗಸರು ಸುತ್ತ ಕಿವಿಗೊಟ್ಟು ಕೂತರು. ಮಗಳು ತಲೆ ತಗ್ಗಿಸಿದಳು. ಗುರುಬಸಮ್ಮ ರೊಟ್ಟಿ ಮುರಿದರು. ಸದ್ದಿಲ್ಲ! ಹರಿದರು. ಬದನೆಕಾಯಿ ಪಲ್ಯ ಸುತ್ತಿ ಬಾಯಿಗಿಟ್ಟರು. ನಿಧಾನಕ್ಕೆ ಅಗಿದರು. ಇನ್ನೊಂದು ಎತ್ತಿಕೊಂಡರು. ಅದೂ ಖಾಲಿ!

ಅರ್ಚನಾಳ ಮುಖಕ್ಕೆ ಜೀವ ಬಂತು. ನನಗಂತೂ ಎದೆ ಉಬ್ಬಿತು. ಇಂಥ ಮೃದು ರೊಟ್ಟಿಯನ್ನು ಕಂಡುಹಿಡಿದ ವಿಜ್ಞಾನಿ ನಾನೇ ಅಲ್ಲವೇ? ಮೀಸೆ ತಿರುವಿ ಮುಂದೆ ಬಂದು ಕೇಳಿದೆ:

"ಹ್ಯಾಂಗ ಅದಾವ್ರಿ ಅಕ್ಕಾರ, ನಮ್ಮ ಮನಿ ರೊಟ್ಟಿ?"

ಗುರುಬಸಮ್ಮ ಕೈ ಒರೆಸಿಕೊಂಡು, ಮುಖದ ಗೆರೆ ಅಲುಗದಂತೆ ಹೇಳಿದರು:

"ಚಪಾತಿ ಭಾಳ ಚಲೋ ಅದಾವ ಬೀಗ್ರ. ರೊಟ್ಟಿ ಬುತ್ತಿ ಹಿಂದಿನ ಗಾಡಿಯಾಗ ಬರಾಕತ್ತೈತೇನ್ರಿ?"