ಆರು ಅಡಿ ಅಂತರದ ಆರ್ಥಿಕ ಅಭಿವೃದ್ಧಿ

ಜನ ಬಹಳ ಹೆದರಿಕೊಂಡಿರುವ ಜಾಗದಲ್ಲಿಯೇ ನಗೆಪಾಟಲಿನ ಸಂಗತಿಗಳು ಹೆಚ್ಚು ನಡೆಯುತ್ತವೆ. ಪರೀಕ್ಷಾ ಕೋಣೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಹೆಣ್ಣು ನೋಡುವ ದಿನದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಮುಂಜಾನೆಯಿಂದ ಸಂಜೆಯೊಳಗೆ ಇಷ್ಟೊಂದು ನಡೆದದ್ದನ್ನು ನಾನು ಕಂಡದ್ದು ಒಮ್ಮೆ ಮಾತ್ರ. ಅದು ಕೊರೊನಾ ಕಾಲದಲ್ಲಿ ನಮ್ಮ ಕಾಲೇಜಿನಲ್ಲಿ ಆರ್ಥಿಕ ಅಭಿವೃದ್ಧಿಯ ಸಮ್ಮೇಳನ ಮಾಡಿದ ದಿನ.

ನಾನು ಸಿಂಧನೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಆ ವರ್ಷ ನಮ್ಮ ಭಾಗದ ಅಧ್ಯಾಪಕರ ಸಮ್ಮೇಳನದ ಹೊಣೆ ನನ್ನ ಕೊರಳಿಗೆ ಬಿದ್ದಿತ್ತು. ಮೊದಲನೇ ಅಲೆ ಇಳಿದಿತ್ತು, ಎರಡನೆಯದು ಬರುತ್ತದಂತೆ ಎಂದು ಜನ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಎರಡು ಸಲ ಮುಂದೂಡಿ ಆಗಿತ್ತು. ಪ್ರಿನ್ಸಿಪಾಲರು, "ಈ ಸಲ ಮಾಡಿ ಮುಗಿಸಿಬಿಡೂಣ್ರಿ ಮೇಡಂ, ಮುಂದ ಯಾರಿರ್ತಾರೋ ಯಾರಿರಂಗಿಲ್ಲೋ" ಅಂದರು. ಧೈರ್ಯ ಹೇಳುವುದು ಅವರಿಗೆ ಎಂದೂ ಬರುತ್ತಿರಲಿಲ್ಲ.

ನನ್ನ ಹೆದರಿಕೆ ಮನೆಯಲ್ಲಿತ್ತು. ಅಬ್ಬಾಗೆ ದಮ್ಮಿನ ರೋಗ. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲಬೇಕು. ನಮ್ಮ ಓಣಿಯಿಂದ ಹೋದ ಎರಡು ಜನಾಜಾಗಳನ್ನು ನಾವು ಕಿಟಕಿಯಿಂದಲೇ ನೋಡಿದ್ದೆವು. ಹೆಗಲು ಕೊಡಲು ಸಾಲುವಷ್ಟು ಜನ ಇರಲಿಲ್ಲ. ಸಮ್ಮೇಳನದ ಸುದ್ದಿ ಕೇಳಿದ್ದೇ ಅಮ್ಮಿ ಅಡುಗೆಮನೆಯಿಂದ ಬಂದು ನನ್ನ ಮುಂದೆ ಕುಳಿತಳು.

"ನಕ್ಕೋ ಬೇಟಾ, ಆ ಮೀಟಿಂಗ್ ಬ್ಯಾಡ. ನೌಕರಿ ಹೋದ್ರ ಇನ್ನೊಂದು ಸಿಗ್ತೈತಿ. ಅಬ್ಬಾ ಇನ್ನೊಬ್ರು ಸಿಗ್ತಾರೇನು?"

ಆದರೂ ಆ ದಿನ ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು ಹೋದೆ.

ಹೈಬ್ರಿಡ್

ಒಂದೇ ಕಡೆ ಬಹಳ ಜನ ಸೇರುವಂತಿರಲಿಲ್ಲ. ಅದಕ್ಕೆ ಸಮ್ಮೇಳನವನ್ನು ಮೂರು ಊರಿಗೆ ಹಂಚಿದ್ದೆವು. ಸಿಂಧನೂರಿನ ನಮ್ಮ ಹಾಲ್‌ನಲ್ಲಿ ಕೆಲವರು, ಲಿಂಗಸೂಗೂರಿನಲ್ಲಿ ಒಂದು ಕೋಣೆಯಲ್ಲಿ ಕೆಲವರು, ಮಸ್ಕಿಯಲ್ಲಿ ಇನ್ನೊಂದು ಕೋಣೆಯಲ್ಲಿ ಕೆಲವರು. ಉಳಿದವರು ಮನೆಯಿಂದಲೇ ಮೊಬೈಲಿನಲ್ಲಿ. ಎಲ್ಲರೂ ಎಲ್ಲರಿಗೂ ದೊಡ್ಡ ಪರದೆಯ ಮೇಲೆ ಕಾಣುವ ವ್ಯವಸ್ಥೆ. ಇದಕ್ಕೆ ಹೈಬ್ರಿಡ್ ಸಮ್ಮೇಳನ ಅನ್ನುತ್ತಾರೆಂದು ನಾನೇ ಬ್ಯಾನರ್ ಬರೆಸಿ ಎರಡು ದಿನ ಮೊದಲೇ ಗೇಟಿಗೆ ಕಟ್ಟಿಸಿದ್ದೆ: "ಆರ್ಥಿಕ ಅಭಿವೃದ್ಧಿ ಕುರಿತು ಹೈಬ್ರಿಡ್ ಸಮ್ಮೇಳನ. ಎಲ್ಲರಿಗೂ ಸ್ವಾಗತ."

ಬೆಳಿಗ್ಗೆ ಒಂಬತ್ತಕ್ಕೆ ಜವಳಗೇರಾ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂದು ಗೇಟಿನ ಮುಂದೆ ನಿಂತಿತು. ಟ್ರೇಲರ್ ತುಂಬ ರೈತರು, ಬಾಯಿಗೆ ಟವೆಲ್ ಸುತ್ತಿಕೊಂಡವರು. ಒಳಗೆ ಬಿಡಬಹುದಾದ ಜನರ ಪಟ್ಟಿ ನನ್ನ ಕೈಯಲ್ಲಿ. ಎದುರಿಗೆ ರಸ್ತೆಯಲ್ಲಿ ಪೊಲೀಸ್ ಜೀಪು.

"ಯಾಕ್ರೀ ಇಷ್ಟು ಮಂದಿ ಬಂದೀರಿ?" ಅಂದೆ, ದೂರದಿಂದಲೇ.

ಮುಂದಿದ್ದ ಹಿರಿಯರು ಚೀಲ ಎತ್ತಿ ತೋರಿಸಿದರು. "ಬೀಜಕ್ಕ ಬಂದೀವ್ರೀ. ಹೈಬ್ರಿಡ್ ಅಂತ ಬೋರ್ಡ್ ಹಾಕೀರಲ್ಲ. ಭತ್ತದ್ದೋ ಜ್ವಾಳದ್ದೋ?"

ಇದು ಆ ಹೈಬ್ರಿಡ್ ಅಲ್ಲ, ಅರ್ಧ ಜನ ಇಲ್ಲಿ ಕೂಡುತ್ತಾರೆ, ಅರ್ಧ ಜನ ಪರದೆಯ ಮೇಲೆ ಕೂಡುತ್ತಾರೆ, ಎಲ್ಲರೂ ಸೇರಿ ಅಭಿವೃದ್ಧಿಯ ಬಗ್ಗೆ ಮಾತಾಡುತ್ತಾರೆ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಕೇಳಿದರು:

"ಬೀಜಾ ಇಲ್ಲಂದ್ರ ಏನ್ ಅಭಿವೃದ್ಧಿ ಬೆಳೀತೀರ್ರೀ ಒಳಗ?"

ನೂರಾ ನಾಲ್ಕು

ಟ್ರ್ಯಾಕ್ಟರ್ ತಿರುಗಿ ಹೋಗುವಷ್ಟರಲ್ಲಿ ಮಸ್ಕಿಯಿಂದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಸ್ಕೂಟರ್ ಮೇಲೆ ಬಂದರು. ಅವರು ನಮ್ಮ ಮಧ್ಯಾಹ್ನದ ಭಾಷಣಕಾರರು. ಮಸ್ಕಿಯಲ್ಲೇ ಕುಳಿತು ಮಾತಾಡಬಹುದಿತ್ತು. ಆದರೆ, "ಮನಶ್ಯಾರ ಮುಖ ಕಾಣ್ಲಿಲ್ಲಂದ್ರ ನನಗ ಮಾತು ಬರಂಗಿಲ್ಲ" ಎಂದು ಹಟ ಹಿಡಿದು ಬಿಸಿಲಲ್ಲಿ ಬಂದಿದ್ದರು. ಬಂದ ಮೇಲೆ ಯಾರ ಮುಖವೂ ಕಾಣಲಿಲ್ಲ, ಎಲ್ಲರೂ ಮಾಸ್ಕ್ ಹಾಕಿದ್ದೆವು.

ಗೇಟಿನಲ್ಲಿ ನಮ್ಮ ಪಿ.ಟಿ. ಮಾಸ್ತರು ಜ್ವರ ನೋಡುವ ಗನ್ ಹಿಡಿದು ನಿಂತಿದ್ದರು. ಮ್ಯಾನೇಜರ ಹಣೆಗೆ ಹಿಡಿದು, ಓದಿ, ಎರಡು ಹೆಜ್ಜೆ ಹಿಂದೆ ಸರಿದರು.

"ನೂರಾ ನಾಲ್ಕ್ರೀ."

ಮ್ಯಾನೇಜರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಸುತ್ತಲಿನ ಜಾಗ ಒಂದೇ ಕ್ಷಣದಲ್ಲಿ ಖಾಲಿಯಾಯಿತು. ಹತ್ತಿರ ಹೋಗಬೇಕೆಂದು ನನಗೆ ಅನ್ನಿಸಿತು, ಕಾಲು ಏಳಲಿಲ್ಲ. ಆ ನಾಚಿಕೆ ಇವತ್ತಿಗೂ ಇದೆ. ಅವರು ಮನೆಯಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿದರು.

"ನೋಡು, ನನಗ ಅದು ಬಂದೈತಿ. ಅಳಬ್ಯಾಡ. ಒಂದು ಕೆಲಸ ಮಾಡು. ಮಗ್ಗಲ ಮನಿಯವನ ಜೊತಿ ಕಂಪೌಂಡಿನ ಸಲುವಾಗಿ ಹತ್ತು ವರ್ಷ ಜಗಳಾಡೀನಿ. ತಪ್ಪು ನಂದ ಇತ್ತು ಅಂತ ಹೇಳು. ಈಗ ಹೋಗಿ ಹೇಳು."

ನಾನು ದೂರದಿಂದ ಒಂದು ಒದ್ದೆ ಟವೆಲ್ ಎಸೆದೆ. ಅವರು ಅದನ್ನು ತಲೆಗೆ ಹಾಕಿಕೊಂಡು ಬೇವಿನ ಮರದ ಕೆಳಗೆ ಕಾಲು ತಾಸು ಕುಳಿತರು. ಮಾಸ್ತರು ಮತ್ತೆ ಗನ್ ಹಿಡಿದರು: ತೊಂಬತ್ತೆರಡು. "ಈಗ ಬಾಳ ತಣ್ಣಗಾಗ್ಯಾರ್ರೀ" ಎಂದು ಗಾಬರಿಯಿಂದ ಕೂಗಿದರು. ಏನೋ ಸಂಶಯ ಬಂದು ಅದೇ ಗನ್ ಅನ್ನು ಕಬ್ಬಿಣದ ಗೇಟಿಗೆ ಹಿಡಿದರು. ಗೇಟಿಗೆ ನೂರಾ ಹನ್ನೊಂದು ಜ್ವರ ಇತ್ತು.

ಎಲ್ಲರೂ ಉಸಿರು ಬಿಟ್ಟೆವು. ಮ್ಯಾನೇಜರು ಮಾತ್ರ ತಟ್ಟನೆ ಎದ್ದು ನಿಂತು ಮತ್ತೆ ಫೋನ್ ಹಚ್ಚಿದರು.

"ಹೇಳಿಬಿಟ್ಯೇನು? ಅಯ್ಯ, ಹೇಳಿಬಿಟ್ಟೀಯಾ? ಹೋಗು, ಹೋಗು, ವಾಪಸ್ ತಗೊಂಡು ಬಾ!"

ಪರದೆ ಮೇಲಿನ ಹಿರಿಯರು

ಮುಖ್ಯ ಭಾಷಣ ಲಿಂಗಸೂಗೂರಿನ ಹಿರಿಯ ಪ್ರಾಧ್ಯಾಪಕರದು. ನಮ್ಮಲ್ಲಿ ಅರ್ಧದಷ್ಟು ಜನ ಅವರ ಶಿಷ್ಯರೇ. ಮೂರು ದಿನದ ಹಿಂದೆ ಅವರಿಗೆ ಪಾಸಿಟಿವ್ ಬಂದಿತ್ತು. ಬೇಡವೆಂದರೂ ಕೇಳದೆ, ಮನೆಯ ಮಾಳಿಗೆಯ ಖೋಲಿಯಿಂದ ಮೊಬೈಲಿನಲ್ಲೇ ಮಾತಾಡುತ್ತೇನೆ ಅಂದಿದ್ದರು.

ಚೆನ್ನಾಗಿಯೇ ಮಾತಾಡುತ್ತಿದ್ದರು. ಕಾಲುವೆ ನೀರು ಹರಿದ ಊರಿನ ಕತೆ ಒಂದು, ಸಂತೆಕಲ್ಲೂರಿನಂಥ ಒಣಬೇಸಾಯದ ಊರಿನ ಕತೆ ಇನ್ನೊಂದು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎನ್ನುತ್ತಿದ್ದರು. ನಡುನಡುವೆ ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತಿತ್ತು. ನನಗೆ ಅಬ್ಬಾನ ಉಸಿರಿನ ಸದ್ದೇ ಕೇಳಿದಂತಾಗುತ್ತಿತ್ತು. "ಎರಡನೇ ಮಾತೇನಂದರೆ" ಎಂದವರು ಹಾಗೇ ನಿಂತುಬಿಟ್ಟರು. ಕತ್ತು ಒಂದು ಕಡೆ ವಾಲಿದೆ, ಬಾಯಿ ತೆರೆದಿದೆ, ಕಣ್ಣು ಅರ್ಧ ಮುಚ್ಚಿದೆ.

"ನೆಟ್‌ವರ್ಕ್ ಹೋಗೈತಿ" ಎಂದರು ಪಿ.ಟಿ. ಮಾಸ್ತರು. ಆದರೆ ಪರದೆಯ ಇನ್ನೊಂದು ಮೂಲೆಯಲ್ಲಿ ಮಸ್ಕಿಯವರು ಅಲುಗಾಡುತ್ತಿದ್ದರು, ಒಬ್ಬರು ಚಹಾ ಕುಡಿಯುತ್ತಿದ್ದರು. ನಮ್ಮ ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ಒಂದು ನಿಮಿಷವಾಯಿತು, ಎರಡಾಯಿತು. ಅವರ ಮೊಬೈಲಿಗೆ ಫೋನ್ ಹಚ್ಚಿದೆ, ಲೈನ್ ಸಿಗಲಿಲ್ಲ. ಲಿಂಗಸೂಗೂರಿನ ಕೋಣೆಯಲ್ಲಿದ್ದ ನಮ್ಮ ಸಹೋದ್ಯೋಗಿಗೆ ಹೇಳಿದೆ: "ಸರ್ ಮನಿಗೆ ಓಡ್ರಿ, ಈಗಿಂದೀಗ." ಅವರು ಬೈಕ್ ಹತ್ತಿದರು. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಪ್ರಿನ್ಸಿಪಾಲರು ಮೆಲ್ಲಗೆ ಎದ್ದು ನಿಂತು, ಕೈ ಕಟ್ಟಿ, ತಲೆ ತಗ್ಗಿಸಿದರು. ಅವರನ್ನು ನೋಡಿ ಮ್ಯಾನೇಜರು ಎದ್ದರು. ಆಮೇಲೆ ಇಡೀ ಹಾಲ್ ಎದ್ದಿತು. ಮಸ್ಕಿಯವರೂ ಚಹಾದ ಕಪ್ ಕೆಳಗಿಟ್ಟು ಎದ್ದರು. ನನಗೆ ಕಣ್ಣೀರು ಬಂದು ಮಾಸ್ಕ್ ಒಳಗೆ ಇಳಿಯುತ್ತಿತ್ತು.

ಅಷ್ಟರಲ್ಲಿ ಸಹೋದ್ಯೋಗಿಯ ಫೋನ್ ಬಂತು. ಸ್ಪೀಕರ್ ಹಾಕಿದೆ. ಪ್ರಾಧ್ಯಾಪಕರ ಹೆಂಡತಿ ಕಿಟಕಿಯಿಂದ ಮಾತಾಡುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

"ಅವ್ರಿಗೇನಾಗೈತಿ? ಮ್ಯಾಲ ಕುಂತು ಒಂದ ಸವನ ಒದರಾಕತ್ತಾರ. ಯಾರರ ಕೇಳಾಕತ್ತಾರೋ ಇಲ್ಲೋ ಅಂತ ನೋಡೋ ರೂಢಿ ಮೊದಲಿಂದಾನೂ ಇಲ್ಲ ಅವ್ರಿಗೆ."

ಅದೇ ಗಳಿಗೆಗೆ ಪರದೆ ಅಲುಗಾಡಿತು. ಅವರ ಮನೆಯ ನೆಟ್‌ವರ್ಕ್ ಮರಳಿ ಬಂದಿತ್ತು. ಪ್ರಾಧ್ಯಾಪಕರು ಕನ್ನಡಕ ಸರಿಮಾಡಿಕೊಂಡು ನಮ್ಮ ಹಾಲ್ ಕಡೆ ನೋಡಿದರು. ಎಲ್ಲರೂ ಎದ್ದು ನಿಂತಿದ್ದೇವೆ, ಕೆಲವರು ಕಣ್ಣು ಒರೆಸಿಕೊಳ್ಳುತ್ತಿದ್ದೇವೆ. ಅವರು ಎರಡೂ ಕೈ ಮುಗಿದರು.

"ಮೂವತ್ತು ವರ್ಷ ಪಾಠ ಮಾಡೀನಿ, ಇಷ್ಟು ಗೌರವ ಯಾರೂ ಕೊಟ್ಟಿದ್ದಿಲ್ಲ. ಕುಂದರ್ರಿ, ಕುಂದರ್ರಿ. ಮೊದಲಿಂದ ಹೇಳ್ತೀನಿ."

ಊಟ

ಊಟದ ಹೊತ್ತಿಗೆ ದೊಡ್ಡ ಕಷ್ಟ ಎದುರಾಯಿತು: ಉಣ್ಣಬೇಕಾದರೆ ಮಾಸ್ಕ್ ತೆಗೆಯಬೇಕು. ಮೊದಲು ಯಾರು ತೆಗೆಯುವುದು? ಎಲ್ಲರೂ ತಟ್ಟೆ ಹಿಡಿದು ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಕೊನೆಗೆ ಪ್ರಿನ್ಸಿಪಾಲರು ಒಂದು ಗೋಡೆ ಹುಡುಕಿಕೊಂಡು, ಅದಕ್ಕೆ ಮುಖ ಮಾಡಿ ಉಣ್ಣತೊಡಗಿದರು. ಉಳಿದವರೂ ಒಂದೊಂದು ಗೋಡೆ, ಒಂದೊಂದು ಕಂಬ ಹಿಡಿದೆವು. ಉತ್ತರ ಕರ್ನಾಟಕದ ಅರ್ಥಶಾಸ್ತ್ರವೆಲ್ಲ ಅಂಗಳಕ್ಕೆ ಬೆನ್ನು ತಿರುಗಿಸಿ ರೊಟ್ಟಿ ಮುರಿಯುತ್ತಿತ್ತು.

ಬಿಸಿ ರೊಟ್ಟಿ ಹಿಡಿದುಕೊಂಡು ಬಂದ ಅಡುಗೆಯ ಅಕ್ಕ ನಡುವೆ ನಿಂತು ಸುತ್ತಲೂ ನೋಡಿ, ನನ್ನ ಬೆನ್ನಿಗೆ ಮೆಲ್ಲಗೆ ಕೇಳಿದಳು: "ಮೇಡಂ, ಎಲ್ಲಾರ್ನೂ ಒಮ್ಮೆಗೇ ಶಿಕ್ಷಾಕ್ಕ ನಿಲ್ಲಿಸ್ಯಾರಲ್ಲ, ಅಂಥಾದ್ದೇನ್ ಮಾಡೀರಿ?"

ವಾಸನೆ

ಕೊನೆಯದನ್ನು ಹೇಳುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಆ ಸಮ್ಮೇಳನದಿಂದ ಯಾರಿಗೂ ಏನೂ ಆಗಲಿಲ್ಲ. ಲಿಂಗಸೂಗೂರಿನ ಹಿರಿಯರೂ ಗುಣವಾದರು. ಆದರೆ ಆ ಮಧ್ಯಾಹ್ನ ಇದು ನಮಗೆ ಗೊತ್ತಿರಲಿಲ್ಲ.

ಊಟ ಮುಗಿಸಿ ಹಾಲ್ ಒಳಗೆ ಹೋಗುವಾಗ ಬಾಗಿಲ ಬಳಿಯ ಮೇಜಿನ ಮೇಲೆ ನೀಲಿ ಸ್ಯಾನಿಟೈಸರ್ ಬಾಟಲಿ ಇತ್ತು. ಪ್ರಿನ್ಸಿಪಾಲರು ಅದನ್ನು ಒತ್ತಿ, ಕೈ ತಿಕ್ಕಿ, ಯಾಕೋ ಮಾಸ್ಕ್ ಇಳಿಸಿ ಮೂಸಿ ನೋಡಿಕೊಂಡರು. ಮತ್ತೊಮ್ಮೆ ಮೂಸಿದರು. ಅವರ ಕಣ್ಣುಗಳು ದೊಡ್ಡವಾದವು.

"ಮೇಡಂ, ಇದರ ವಾಸನಿ ನಿಮಗ ಬರ್ತೈತೇನು?"

ವಾಸನೆ ಹೋಗುವುದೇ ಆ ರೋಗದ ಮೊದಲ ಗುರುತು ಎಂದು ಆಗ ಚಿಕ್ಕಮಕ್ಕಳಿಗೂ ಗೊತ್ತಿತ್ತು. ನಾನು ಕೈಗೆ ಹಾಕಿಕೊಂಡೆ, ಎರಡೂ ಮಾಸ್ಕ್ ಇಳಿಸಿದೆ, ಅಂಗೈ ಮೂಗಿಗೆ ಒತ್ತಿ ಎಳೆದೆ. ಏನೂ ಇಲ್ಲ. ಮ್ಯಾನೇಜರು ಮೂಸಿದರು, ಇಲ್ಲ. ಪಿ.ಟಿ. ಮಾಸ್ತರು ಬಗ್ಗಿ ಬಾಟಲಿಯನ್ನೇ ಮೂಸಿದರು, ಅವರಿಗೂ ಇಲ್ಲ. ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಅಂಗೈಗೆ ಮೂಗಿಟ್ಟು ನಿಂತರು, ಒಬ್ಬೊಬ್ಬರ ಮುಖವೂ ಬಿಳಚಿಕೊಳ್ಳುತ್ತ ಹೋಯಿತು. ಅರ್ಧ ತಾಸಿನ ಹಿಂದೆ ಎಣ್ಣೆಗಾಯಿಯ ವಾಸನೆ ಹಿಡಿದೇ ಎಲ್ಲರೂ ಊಟದ ಕಡೆ ಹೋಗಿದ್ದೆವು ಎಂಬುದು ಒಬ್ಬರಿಗೂ ನೆನಪಾಗಲಿಲ್ಲ.

ಪ್ರಿನ್ಸಿಪಾಲರು ಮೈಕ್ ಹಿಡಿದು, "ಸಿಂಧನೂರಿನ ಎಲ್ಲಾರಿಗೂ ಬಂದೈತಿ" ಎಂದು ಒಡೆದ ದನಿಯಲ್ಲಿ ಹೇಳಿಬಿಟ್ಟರು. ಪರದೆಯ ಮೇಲಿನ ಮಸ್ಕಿಯವರೂ ಗಡಬಡಿಸಿ ತಮ್ಮ ಬಾಟಲಿ ಮೂಸಿದರು. "ನಮಗೂ ಬರವಲ್ದು!" ಎಂದು ಕೂಗಿದರು. ಅವರು ಮಾಸ್ಕ್ ತೆಗೆದಿರಲಿಲ್ಲ.

ನಾನು ಬಾಗಿಲ ಹೊರಗೆ ಹೋಗಿ ಗೋಡೆ ಹಿಡಿದು ನಿಂತೆ. ಆ ಮುಂಜಾನೆ ಅಬ್ಬಾನ ಗುಳಿಗೆ ನಾನೇ ಕೈಯಾರೆ ಬಿಡಿಸಿ ಕೊಟ್ಟಿದ್ದೆ. ಅಮ್ಮಿಗೆ ಫೋನ್ ಹಚ್ಚಿದೆ.

"ಅಮ್ಮಿ, ಅಬ್ಬಾನ್ನ ಹಿಂದಿನ ಖೋಲಿಯೊಳಗ ಇರಿಸು. ಬಾಗಿಲಾ ಹಾಕು. ನಾ ಇವತ್ತು ಮನಿಗೆ ಬರಂಗಿಲ್ಲ."

ಫೋನಿನಲ್ಲಿ ಅವಳು ಅಳುವುದು ಮಾತ್ರ ಕೇಳಿಸುತ್ತಿತ್ತು. ಹಿಂದೆ ಎಲ್ಲೋ ಅಬ್ಬಾ, "ಕ್ಯಾ ಹುವಾ? ಕ್ಯಾ ಹುವಾ?" ಎಂದು ಏದುಸಿರಿನಲ್ಲಿ ಕೇಳುತ್ತಿದ್ದರು.

ಆಗ ನಮ್ಮ ಜವಾನಮ್ಮ ಬಂದಳು. ಇನ್ನೊಂದು ವರ್ಷಕ್ಕೆ ನಿವೃತ್ತಿಯಾಗುವವಳು. ಕೈಯಲ್ಲಿ ನೀರಿನ ತಂಬಿಗೆ. ಯಾರ ಕಡೆಯೂ ನೋಡದೆ ಸೀದಾ ಮೇಜಿನ ಬಳಿ ಹೋಗಿ, ಬಾಟಲಿಯ ಮುಚ್ಚಳ ತಿರುವಿ, ತಂಬಿಗೆಯಿಂದ ಸುರುವತೊಡಗಿದಳು.

"ಏನ್ ಹಾಕಾಕತ್ತೀಬೇ ಅದಕ್ಕ?" ಎಂದರು ಪ್ರಿನ್ಸಿಪಾಲರು.

"ನೀರ್ರೀ ಸರ. ಔಷಧಾ ಹತ್ತಕ್ಕ ಖಾಲಿ ಆತು. ಬಣ್ಣ ಬರ್ಲಿ ಅಂತ ಬಟ್ಟಿ ನೀಲಿ ಎರಡು ಹನಿ ಬಿಟ್ಟೀನಿ."

ಹಾಲ್ ಸಿಡಿದಂತೆ ನಗು. ಮ್ಯಾನೇಜರು ಜವಾನಮ್ಮನಿಗೆ ಕೈ ಮುಗಿದರು. ಆರು ಅಡಿ ಅಂತರವನ್ನೆಲ್ಲ ಮರೆತು ಅಧ್ಯಾಪಕರು ಒಬ್ಬರ ಬೆನ್ನು ಒಬ್ಬರು ಬಡಿದರು. ನಾನು ನಗುತ್ತ, ಅಳುತ್ತ, "ಏನೂ ಇಲ್ಲ ಅಮ್ಮಿ, ಬಾಗಿಲಾ ತೆಗಿ" ಎಂದು ಫೋನಿನಲ್ಲಿ ಕೂಗಿದೆ.

ನಗು ನಿಲ್ಲಿಸಿದವರಲ್ಲಿ ಪ್ರಿನ್ಸಿಪಾಲರು ಮೊದಲಿಗರು. ಅವರು ತಮ್ಮ ಅಂಗೈ ನೋಡಿಕೊಂಡರು, ತಿಳಿನೀಲಿಯಾಗಿತ್ತು. ಒಬ್ಬೊಬ್ಬರೂ ತಮ್ಮ ಕೈ ನೋಡಿಕೊಂಡರು. ಪ್ರಿನ್ಸಿಪಾಲರು ಜವಾನಮ್ಮನ ಕಡೆ ತಿರುಗಿದರು.

"ಅಂದ್ರ ಹತ್ತು ಗಂಟಿಯಿಂದ ನಾವೆಲ್ಲಾ ಬರೇ ನೀರು ಹಚ್ಕೊಳ್ಳಾಕತ್ತೀವಿ? ಖಾಲಿ ಆಗೈತಿ ಅಂತ ಯಾಕ ಹೇಳ್ಲಿಲ್ಲ?"

ಜವಾನಮ್ಮ ಬಾಟಲಿಯ ಮುಚ್ಚಳ ಬಿಗಿಮಾಡಿ, ಸೆರಗಿನಿಂದ ಒರೆಸಿ, ಜಾಗಕ್ಕೆ ಇಟ್ಟಳು.

"ಹೇಳಿದ್ರ ನೀವು ಹೆದರ್ಕೊಂತೀರಿ ಅಂತ್ರೀ."